ಮನೆಗೆ ಬಂದ ಸಿಳ್ಳೆ

ಶುಕ್ರವಾರ ಬೆಳಗಿನ ಆರೂವರೆ. ನಾಯಕನ ಕಟೌಟಿಗೆ ಹಾಲಿನ ಅಭಿಷೇಕ ಮುಗಿದಿದೆ. ಥಿಯೇಟರಿನ ಮುಂದಿನ ರಸ್ತೆಯಲ್ಲಿ ಹಾಲು, ಚೆಂಡುಹೂವು, ಪಟಾಕಿಯ ಚೂರು ಕಾಗದ ಎಲ್ಲ ಕಲಸಿಹೋಗಿವೆ. ತಮಟೆಯವರು ಚರ್ಮ ಬಿಗಿಯಾಗಲೆಂದು ಹಳೆಯ ಪೋಸ್ಟರಿಗೆ ಬೆಂಕಿ ಹಚ್ಚಿ ಕಾಯಿಸಿಕೊಳ್ಳುತ್ತಿದ್ದಾರೆ. ಕಿವಿ ಗಡಚಿಕ್ಕುವ ಗದ್ದಲವೇ ಇದು. ಆದರೆ ಬಯಲಿನ ಗದ್ದಲ. ಸಾಕೆನಿಸಿದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಬಹುದು.

ಒಳಗೆ ಸರಿಯಲು ಜಾಗವಿಲ್ಲ. ದೀಪ ಆರುತ್ತದೆ. ಪರದೆಯ ಮೇಲೆ ನಾಯಕನ ಬೂಟು ಕಾಣಿಸುತ್ತದೆ. ಬರೀ ಬೂಟು. ಒಂದು ಹೆಜ್ಜೆಗೆ ಒಂದು ಸಿಡಿಲು. ಮೂರನೆಯ ಹೆಜ್ಜೆಗೆ ನನ್ನ ಕೈಯಲ್ಲಿದ್ದ ಬಾಟಲಿಯ ನೀರು ನಡುಗುತ್ತದೆ, ಕುರ್ಚಿಯ ಸಡಿಲ ಬೋಲ್ಟು ಗಿರಿಗಿರಿ ಅನ್ನುತ್ತದೆ. ಮುಖ ಕಾಣಿಸುವಷ್ಟರಲ್ಲಿ ಸಾವಿರ ಬಾಯಿಗಳ ಸಿಳ್ಳೆ. ಅದನ್ನೂ ಮುಳುಗಿಸಿ ಹಿನ್ನೆಲೆ ಸಂಗೀತ ಮೇಲೇಳುತ್ತದೆ.

ಟೆಂಟ್ ಸಿನಿಮಾದ ಕಾಲದಲ್ಲಿ ಆಟಕ್ಕೆ ಮುಂಚೆ ‘ನಮೋ ವೆಂಕಟೇಶ’ ಹಾಕುತ್ತಿದ್ದರು. ಮೈಕಿನ ಆ ಹಾಡು ಊರಾಚೆಯ ಗದ್ದೆಯ ತನಕ ಕೇಳಿಸಿ ಜನ ದಾಪುಗಾಲು ಹಾಕುತ್ತಿದ್ದರು. ಒಳಗೆ ನೆಲದ ಮೇಲೆ ಕೂತವರಿಗೆ ಮಾತು ಸ್ಪಷ್ಟವಾಗಿ ಕೇಳಿಸಿದರೆ ಅದೇ ಪುಣ್ಯ. ಈಗ ಹೊರಗಿನವರಿಗೆ ಗೋಡೆಯಾಚೆಯ ಗುಡುಗುಡು ಮಾತ್ರ. ಉಳಿದದ್ದೆಲ್ಲ ಒಳಗಿನವರ ಪಾಲು.

ಆ ಪಾಲಿನಲ್ಲೂ ಹೆಚ್ಚುಕಡಿಮೆ ಇದೆ. ಪರದೆ ಬರೀ ಬಟ್ಟೆಯಲ್ಲ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಅದರ ಹಿಂದೆ ಬೀರುವಿನೆತ್ತರದ ಸ್ಪೀಕರುಗಳು ನಿಂತಿರುತ್ತವೆ. ಅವುಗಳಿಗೆ ಎಲ್ಲರಿಗಿಂತ ಹತ್ತಿರ ಗಾಂಧಿ ಕ್ಲಾಸು. ಕಡಿಮೆ ದುಡ್ಡು ಕೊಟ್ಟವರಿಗೆ ಜಾಸ್ತಿ ಸದ್ದು.

ಫೈಟು ಶುರುವಾಯಿತು. ನನ್ನ ಮುಂದಿನ ಸಾಲಿನಲ್ಲಿ ಮೂರು ವರ್ಷದ ಹುಡುಗಿಯೊಂದು ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಅಮ್ಮನ ಎದೆಗೆ ಮುಖ ಹುದುಗಿಸಿದೆ. ಅಮ್ಮ ಸೆರಗು ಹೊದಿಸುತ್ತಾಳೆ. ಅಪ್ಪ ಮಗಳ ಕೈ ಬಿಡಿಸಿ, “ನೋಡು ಪುಟ್ಟಿ, ನೋಡಿಲ್ಲಿ!” ಎಂದು ಪರದೆ ತೋರಿಸುತ್ತಾನೆ. ಮಗು ಕಣ್ಣು ಬಿಟ್ಟು ನೋಡುತ್ತದೆ. ಕೈ ಮಾತ್ರ ಮತ್ತೆ ಕಿವಿಗೇ ಹೋಗುತ್ತದೆ.

ಇಂಟರ್‌ವಲ್. ಸಮೋಸದ ಅಂಗಡಿಯ ಮುಂದೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದಾರೆ. “ಎರಡು ಟೀ!” “ಏನೂ?” “ಟೀ, ಟೀ!” ಯಾರಿಗೂ ಯಾರ ಮೇಲೂ ಕೋಪವಿಲ್ಲ. ಕಿವಿ ಸ್ವಲ್ಪ ಹೊತ್ತು ಮಂದವಾಗಿದೆ, ಅಷ್ಟೇ.

ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋದೆ. ಗಾಜಿನ ಕಿಂಡಿಯಾಚೆ ಸಭಾಂಗಣ, ಈಚೆ ತಣ್ಣನೆಯ ಕೋಣೆ, ಅಂಗೈಯಗಲದ ಒಂದು ಸ್ಪೀಕರು. ಆಪರೇಟರು ಒಂದು ಗುಂಡಿ ತೋರಿಸಿದರು.

“ಲೆಕ್ಕದಲ್ಲಿ ಏಳಕ್ಕೆ ಇಡಬೇಕು ಸಾರ್. ಇಟ್ಟರೆ ಫ್ಯಾಮಿಲಿಯವರು ಎದ್ದು ಹೋಗ್ತಾರೆ. ನಾನು ಐದಕ್ಕೆ ಇಡ್ತೀನಿ. ಫಸ್ಟ್ ಡೇ ಹುಡುಗರು ಬಂದು ಸೌಂಡ್ ಸಾಲಲ್ಲ ಅಂತ ಬಾಗಿಲು ಬಡೀತಾರೆ. ಆವಾಗ ಆರು.”

“ಬುಧವಾರದ ಮ್ಯಾಟಿನಿಗೆ?”

ನಕ್ಕರು. “ಯಾರೂ ಹೇಳದಿದ್ರೆ ಅಲ್ಲೇ ಇರುತ್ತೆ.”

ತುಂಬಿದ ಥಿಯೇಟರಿನಲ್ಲಿ ಜನರ ಮೈ, ಬಟ್ಟೆಗಳೇ ಒಂದಷ್ಟು ಸದ್ದನ್ನು ಹೀರುತ್ತವೆ. ಇಪ್ಪತ್ತು ಜನರಿರುವ ಮ್ಯಾಟಿನಿಯಲ್ಲಿ ಖಾಲಿ ಸಭಾಂಗಣ ಅದೇ ಆರನ್ನು ಇನ್ನೂ ಜೋರಾಗಿ ಮೊಳಗಿಸುತ್ತದೆ. ಏಳು ಎಂಬುದು ಸ್ಟುಡಿಯೋ ಮಿಕ್ಸಿಂಗಿಗೂ ಥಿಯೇಟರಿಗೂ ಒಂದೇ ಅಳತೆಯಿರಲೆಂದು ಮಾಡಿಕೊಂಡ ಗುರುತು. ಆ ಅಳತೆಯಲ್ಲಿ ಪರದೆಯ ಹಿಂದಿನ ಒಂದೊಂದು ಚಾನೆಲ್ಲೂ 105 ಡೆಸಿಬೆಲ್ ತನಕ ಏರಬಹುದು. ಥಿಯೇಟರಿನವರು ತಗ್ಗಿಸುತ್ತಾರೆಂದು ಸ್ಟುಡಿಯೋದಲ್ಲಿ ಏರಿಸುವುದು, ಅಲ್ಲಿ ಏರಿಸಿದ್ದಾರೆಂದು ಇಲ್ಲಿ ಇನ್ನಷ್ಟು ತಗ್ಗಿಸುವುದು: ಹಗ್ಗ ಜಗ್ಗಾಟ ನಡೆದೇ ಇದೆ. 2024ರ ನವೆಂಬರಿನಲ್ಲಿ ತಮಿಳಿನ ‘ಕಂಗುವ’ ಬಂದಾಗ ಅಬ್ಬರದ ದೂರು ಎಷ್ಟಾಯಿತೆಂದರೆ, ಎರಡು ಪಾಯಿಂಟ್ ಇಳಿಸಿ ಎಂದು ನಿರ್ಮಾಪಕರೇ ಥಿಯೇಟರುಗಳಿಗೆ ಹೇಳಿದರು. ಆಸ್ಕರ್ ಪಡೆದ ಧ್ವನಿ ವಿನ್ಯಾಸಕ ರಸೂಲ್ ಪೂಕುಟ್ಟಿ, ತಲೆನೋವು ಹೊತ್ತು ಹೋದ ಪ್ರೇಕ್ಷಕ ಮತ್ತೆ ಆ ಚಿತ್ರಕ್ಕೆ ಬರಲಾರ ಎಂದು ಬಹಿರಂಗವಾಗಿಯೇ ಬೇಸರಪಟ್ಟರು.

ಕಿವಿಯ ಲೆಕ್ಕ ಬೇರೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ‘ನಿಯಾಶ್’ ಕಾರ್ಮಿಕರಿಗೆಂದು ಹಾಕಿದ ಮಿತಿಯಲ್ಲಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಒಳಗಿವಿಯ ಶಂಖದೊಳಗೆ ಸುಮಾರು 15,000 ರೋಮಕೋಶಗಳಿವೆ. ಮಳೆಗಾಳಿಗೆ ಪೈರು ಮಲಗುವಂತೆ ಅವು ಅಬ್ಬರಕ್ಕೆ ಬಾಗುತ್ತವೆ. ಸದ್ದು ನಿಂತ ಮೇಲೆ ಸುಧಾರಿಸಿಕೊಂಡು ಏಳುತ್ತವೆ. ಬುಡ ಮುರಿದದ್ದು ಮಾತ್ರ ಏಳುವುದಿಲ್ಲ, ಮನುಷ್ಯನ ಕಿವಿಯಲ್ಲಿ ಅದು ಮರುಮೊಳೆಯುವುದೂ ಇಲ್ಲ. ಮೊದಲು ಮಾಸುವುದು ತಾರದ ಸದ್ದುಗಳು: ಗೆಜ್ಜೆ, ಗುಬ್ಬಿ, ಮಾತಿನೊಳಗಿನ ‘ಸ’ಕಾರ, ‘ಶ’ಕಾರ.

ಒಂದು ಸಿನಿಮಾ ನೋಡಿ ಕಿವುಡಾದವರನ್ನು ನಾನು ಕಂಡಿಲ್ಲ. ಫೈಟಿನ ನಡುವೆ ತಾಯಿಯ ಕಣ್ಣೀರು, ಪಿಸುಮಾತು, ಮೌನವೂ ಇರುತ್ತವೆ, ಕಿವಿ ಉಸಿರಾಡಿಕೊಳ್ಳುತ್ತದೆ. ಆದರೆ ಗೇಟಿನಲ್ಲಿ ಟಾರ್ಚು ಹಿಡಿದು ನಿಂತ ಹಿರಿಯರಿಗೆ ದಿನಕ್ಕೆ ನಾಲ್ಕು ಆಟ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದರು. ಹತ್ತಿ ತಡೆಯುವುದು ಅಷ್ಟಕ್ಕಷ್ಟೇ; ಮೆಡಿಕಲ್ ಶಾಪಿನ ಸ್ಪಂಜಿನ ಬಿರಡೆಯನ್ನು ಸರಿಯಾಗಿ ತೂರಿಸಿಕೊಂಡರೆ ಅದಕ್ಕಿಂತ ಎಷ್ಟೋ ಮೇಲು ಎಂದೆ.

“ಅಭ್ಯಾಸ ಆಗೋಗಿದೆ ಬಿಡಿ ಸಾಮಿ,” ಎಂದರು. ಆಮೇಲೆ ತಾವಾಗಿಯೇ ಸೇರಿಸಿದರು: “ಮೊಮ್ಮಗಳು ಮಾತಾಡಿದ್ರೆ ಯಾಕೋ ಹಂಡೆ ಒಳಗಿಂದ ಮಾತಾಡಿದಂಗೆ ಕೇಳ್ತದೆ.”

2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿವೆ. ಮುಚ್ಚಿದ ಸಭಾಂಗಣದೊಳಗಿನ ಬಳಕೆಗೆ ವಿನಾಯಿತಿ ಕೊಟ್ಟಿವೆ. ಅಕ್ಕಪಕ್ಕದವರ ನಿದ್ದೆಗೆ ಕಾವಲುಂಟು. ಟಿಕೆಟ್ ಕೊಂಡವರ ಕಿವಿಗೆ ಆ ಗುಂಡಿಯೇ ಗತಿ.

ರಾತ್ರಿ ಮಲಗುವಾಗ ಫ್ಯಾನು ನಿಲ್ಲಿಸಿದೆ. ಬೀದಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ಬಲಗಿವಿಯೊಳಗೆ ಸಣ್ಣಗೆ, ಎಡೆಬಿಡದೆ ಒಂದು ಸಿಳ್ಳೆ. ಥಿಯೇಟರಿನಲ್ಲಿ ಸಿಳ್ಳೆ ಹೊಡೆದವನನ್ನು ತಿರುಗಿ ನೋಡಿ ಕಣ್ಣು ಕೆಂಪಗೆ ಮಾಡಬಹುದಿತ್ತು. ಇವನು ಎಲ್ಲಿ ಕೂತಿದ್ದಾನೆಂದು ಹುಡುಕಲಿ? ಬೆಳಗಾಗುವಷ್ಟರಲ್ಲಿ ಎದ್ದುಹೋದ. ಅಂಗೈ ಒತ್ತಿಕೊಂಡಿದ್ದ ಆ ಮಗುವಿಗೂ ಬಂದಿದ್ದನೋ ಏನೋ. ಬಂದಿದ್ದರೂ ಅದನ್ನು ಏನೆಂದು ಹೇಳಬೇಕೆಂಬುದು ಅದಕ್ಕಿನ್ನೂ ತಿಳಿಯದು.