ಬಣ್ಣ ನಿಲ್ಲುವುದು ಡಬ್ಬಿಯಿಂದಲ್ಲ, ತಯಾರಿಯಿಂದ

ಕಾರು ಹಳೆಯದಾಗುತ್ತಿದ್ದಂತೆ ಮೊದಲು ಮಂಕಾಗುವುದು ಅದರ ಪ್ಲಾಸ್ಟಿಕ್ ಭಾಗಗಳು. ಕನ್ನಡಿಯ ಕವಚ, ಬಾಗಿಲ ಪಟ್ಟಿ, ಮುಂಭಾಗದ ಜಾಲರಿ ಎಲ್ಲವೂ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತವೆ. ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕಡಿಯುವುದೇ ಇದಕ್ಕೆ ಕಾರಣ. ಅಂಗಡಿಯಿಂದ ಸ್ಪ್ರೇ ಡಬ್ಬಿ ತಂದು ಬಣ್ಣ ಹೊಡೆದರೆ ಸಂಜೆಯೊಳಗೆ ಹೊಸದರಂತೆ ಹೊಳೆಯುತ್ತದೆ. ಆದರೆ ಕೆಲವೇ ವಾರಗಳಲ್ಲಿ ಅದು ಈರುಳ್ಳಿ ಸಿಪ್ಪೆಯಂತೆ ಸುಲಿದು ಬಂದರೆ? ಬೈಗುಳ ಬಣ್ಣಕ್ಕೆ ಬೀಳುತ್ತದೆ. ತಪ್ಪು ಮಾತ್ರ ಸಾಮಾನ್ಯವಾಗಿ ಬೇರೆಡೆ ಇರುತ್ತದೆ.

ಕೆಸುವಿನ ಎಲೆಯ ಪಾಠ

ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಮುತ್ತಿನಂತೆ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ಕಾರಿನ ಬಹಳಷ್ಟು ಭಾಗಗಳನ್ನು ಮಾಡುವ ಪಾಲಿಪ್ರೊಪಿಲೀನ್ ಕೂಡ ಇಂಥದೇ ಸ್ವಭಾವದ ವಸ್ತು. ಅದರ ಮೇಲ್ಮೈಯ ಅಣುಗಳು ಬೇರೆ ದ್ರವವನ್ನು ಬಲವಾಗಿ ಸೆಳೆಯುವುದಿಲ್ಲ. ಭಾಗದ ಹಿಂಬದಿಯಲ್ಲಿ ‘ಪಿಪಿ’ ಎಂಬ ಅಚ್ಚಿದ್ದರೆ ಅದು ಈ ಪ್ಲಾಸ್ಟಿಕ್ ಎಂದು ತಿಳಿಯಬೇಕು. ‘ಎಬಿಎಸ್’ ಎಂದಿದ್ದರೆ ಕೆಲಸ ಸುಲಭ.

ಆದ್ದರಿಂದ ಮುಕ್ಕಾಲು ಪಾಲು ಶ್ರಮ ಬಣ್ಣ ಹೊಡೆಯುವ ಮೊದಲೇ ಆಗಬೇಕು. ಭಾಗವನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಮೇಣ ಮತ್ತು ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು. ನಂತರ 400, ಆಮೇಲೆ 600 ಸಂಖ್ಯೆಯ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಬೇಕು. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು. ಈ ಸೂಕ್ಷ್ಮ ಗೀರುಗಳೇ ಬಣ್ಣಕ್ಕೆ ಹಿಡಿತ. ಮತ್ತೆ ಒರೆಸಿ ಒಣಗಿಸಿ, ಪಾಲಿಪ್ರೊಪಿಲೀನ್ ಆದರೆ ‘ಅಡ್ಹೀಷನ್ ಪ್ರೊಮೋಟರ್’ ಎಂಬ ಅಂಟುವರ್ಧಕವನ್ನು, ಅದರ ಮೇಲೆ ಪ್ರೈಮರನ್ನು ಹಚ್ಚಬೇಕು.

ತೆಳು ಪದರ, ತುಂಬು ತಾಳ್ಮೆ

ಡಬ್ಬಿಯನ್ನು ಸುಮಾರು 20ರಿಂದ 25 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ತೀರ ಹತ್ತಿರವಾದರೆ ಬಣ್ಣ ಸೋರುತ್ತದೆ. ದೂರವಾದರೆ ಹನಿಗಳು ಗಾಳಿಯಲ್ಲೇ ಒಣಗಿ ಮೇಲ್ಮೈ ಒರಟಾಗುತ್ತದೆ. ಭಾಗದ ಅಂಚಿನಿಂದಾಚೆ ಶುರುಮಾಡಿ, ಅಂಚಿನಾಚೆಗೇ ನಿಲ್ಲಿಸಿ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಮೊದಲ ಪದರದಲ್ಲಿ ಅಡಿಯ ಬಣ್ಣ ಕಂಡರೆ ಚಿಂತೆಯಿಲ್ಲ. ಡಬ್ಬಿಯ ಮೇಲೆ ಹೇಳಿದಷ್ಟು ಸಮಯ ಬಿಟ್ಟು ಮೂರು ನಾಲ್ಕು ತೆಳು ಪದರ ಕೊಡಿ. ಒಂದೇ ದಪ್ಪ ಪದರ ಹೊಡೆದರೆ ಮೇಲ್ಭಾಗ ಮೊದಲು ಒಣಗಿ, ಒಳಗೆ ಸಿಕ್ಕಿಬಿದ್ದ ದ್ರಾವಕ ಗುಳ್ಳೆ ಎಬ್ಬಿಸುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಸೂಜಿ ಚುಚ್ಚುವ ಮೊದಲು ಹಚ್ಚುವ ಸ್ಪಿರಿಟ್ ಚರ್ಮವನ್ನು ತಣ್ಣಗಾಗಿಸುವಂತೆ, ಆವಿಯಾಗುವ ದ್ರಾವಕವೂ ಭಾಗವನ್ನು ತಂಪಾಗಿಸುತ್ತದೆ. ಆಗ ಗಾಳಿಯ ತೇವ ಬಣ್ಣದ ಮೇಲೆ ಸಾಂದ್ರಿಸಿ ಹಾಲಿನಂತಹ ಬಿಳುಪು ಮೂಡುತ್ತದೆ.

ಅಡುಗೆ ಅನಿಲದ ಬಂಧು

ಬಣ್ಣವನ್ನು ಸ್ಪ್ರೇ ಡಬ್ಬಿಗೆ ತುಂಬಿದವರು ಅಮೆರಿಕದ ಎಡ್ವರ್ಡ್ ಸೆಮೂರ್, 1949ರಲ್ಲಿ. ಹಿಂದೆ ಇಂತಹ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲ ಓಜೋನ್ ಪದರಕ್ಕೆ ಮಾರಕವೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತಿನಾದ್ಯಂತ ಹಿಂದೆ ಸರಿಯಿತು. ಈಗ ಹೆಚ್ಚಾಗಿ ಇರುವುದು ಪ್ರೊಪೇನ್, ಬ್ಯುಟೇನ್. ಅಂದರೆ ನಮ್ಮ ಅಡುಗೆ ಸಿಲಿಂಡರಿನ ಅನಿಲಗಳೇ! ಹತ್ತಿರ ಒಲೆ, ಬೀಡಿ, ದೇವರ ದೀಪ ಯಾವುದೂ ಇರಬಾರದು. ಡಬ್ಬಿಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಲೂಬಾರದು.

ಮುಖಕ್ಕೆ ಕಟ್ಟಿದ ಕರವಸ್ತ್ರ ದ್ರಾವಕದ ಆವಿಯನ್ನು ತಡೆಯದು. ಬಯಲಿನಲ್ಲಿ ಕೆಲಸ ಮಾಡಿ, ಇದ್ದಿಲಿನ ಫಿಲ್ಟರಿರುವ ಮುಖವಾಡ ಧರಿಸಿ. ಗಟ್ಟಿಕಾರಕ ಬೆರೆಸುವ ‘2ಕೆ’ ಹೊಳಪುಬಣ್ಣಗಳಲ್ಲಿ ಸಾಮಾನ್ಯವಾಗಿರುವ ಐಸೋಸಯನೇಟ್ ಆಸ್ತಮಾ ತರಬಲ್ಲದು. ಅದನ್ನು ಮನೆಯಲ್ಲಿ ಮುಟ್ಟದೆ ವೃತ್ತಿಪರರಿಗೆ ಬಿಡುವುದೇ ಲೇಸು. ಏರ್‌ಬ್ಯಾಗಿನ ಮುಚ್ಚಳಕ್ಕಂತೂ ಬಣ್ಣ ಹೊಡೆಯಲೇಬೇಡಿ. ಅದು ಸರಿಯಾಗಿ ಬಿರಿಯದಿದ್ದರೆ ಜೀವಕ್ಕೇ ಅಪಾಯ.

ನೀವೇ ಮಾಡಿ ನೋಡಿ

ತ್ರಿಕೋನದೊಳಗೆ 5 ಎಂಬ ಅಂಕಿಯಿರುವ ಹಳೆಯ ಡಬ್ಬಿಯ ಮುಚ್ಚಳ ತೆಗೆದುಕೊಳ್ಳಿ, ಅದೂ ಪಾಲಿಪ್ರೊಪಿಲೀನೇ. ಅರ್ಧ ಭಾಗವನ್ನು ಮೇಲಿನಂತೆ ಸಿದ್ಧಪಡಿಸಿ, ಉಳಿದರ್ಧವನ್ನು ಹಾಗೇ ಬಿಡಿ. ಹಿರಿಯರ ಜೊತೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಹೊಡೆಯಿರಿ. ವಾರದ ನಂತರ ಹಿರಿಯರೊಬ್ಬರು ಬ್ಲೇಡಿನಿಂದ ಎರಡೂ ಕಡೆ ಚೌಕುಳಿ ಗೆರೆ ಎಳೆಯಲಿ. ಅದರ ಮೇಲೆ ಅಂಟುಪಟ್ಟಿ ಒತ್ತಿ ಸರಕ್ಕನೆ ಕಿತ್ತು ನೋಡಿ. ಯಾವ ಅರ್ಧದ ಬಣ್ಣ ಪಟ್ಟಿಗೆ ಅಂಟಿಕೊಂಡು ಬಂತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾರಿಗೆ ಕೈಹಾಕುವುದು ಅದಾದ ಮೇಲೆ.