ಕ್ಲಚ್ ತುಳಿಯೋ ಕಾಲು ಯಾರದ್ದು?

ಗೊಳಸಂಗಿ ಹತ್ರ ಹೆದ್ದಾರಿ 50ರಲ್ಲಿ ಗಾಡಿ ಟಾಪ್ ಗೇರಿಗೆ ಬಿದ್ದರೆ ಎಷ್ಟೋ ಹೊತ್ತು ಕ್ಲಚ್ ನೆನಪಾಗಲ್ಲ. ಹಳ್ಳಿ ರಸ್ತೆಗಿಳಿದು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗಲೇ ಎಡಗಾಲು ಮಾತಾಡೋದು: ಫಸ್ಟ್, ಸೆಕೆಂಡ್, ಮತ್ತೆ ಫಸ್ಟ್.

ಮೋಟಾರ್‌ಹೋಮ್‌ಗೆ ಈ ಕಷ್ಟ ಇನ್ನೂ ಜಾಸ್ತಿ. ಲಾರಿ ಖಾಲಿಯಾಗಿ ವಾಪಸ್ ಬರಬಹುದು. ಮಂಚ, ನೀರಿನ ಟ್ಯಾಂಕ್, ಬ್ಯಾಟರಿ ಹೊತ್ತ ಇದು ಸದಾ ಲೋಡ್‌ನಲ್ಲೇ ಇರುತ್ತೆ. ಹಾಗಾಗಿ ಎಂಜಿನ್ ಆರಿಸುವಾಗ ಹಾರ್ಸ್‌ಪವರ್‌ಗಿಂತ ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಟಾರ್ಕ್ ನೋಡಬೇಕು.

ಆಟೋಮ್ಯಾಟಿಕ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಎಎಂಟಿ ಅಂದ್ರೆ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಬದಲಿಸೋದು ಮಾತ್ರ ಯಂತ್ರದ ಕೆಲಸ. ಡೀಸೆಲ್ ಉಳಿಯುತ್ತೆ, ಆದರೆ ಏರಿನಲ್ಲಿ ತೆವಳಿದರೆ ಕ್ಲಚ್ ಸುಡುತ್ತೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಶಕ್ತಿಯನ್ನು ದಾಟಿಸೋದು ಎಣ್ಣೆ. ಗಾಡಿ ನಯವಾಗಿ ಹೊರಡುತ್ತೆ. ಎಣ್ಣೆ ಬಿಸಿಯಾಗುತ್ತೆ, ಡೀಸೆಲ್ಲೂ ತುಸು ಹೆಚ್ಚು ಬೇಕು. ಭಾರ ಹೊತ್ತು ಶಿರಾಡಿ ಘಾಟ್ ಹತ್ತೋದಾದರೆ ನನ್ನ ಓಟು ಇದಕ್ಕೇ, ಆಯಿಲ್ ಕೂಲರ್ ಚೆನ್ನಾಗಿದ್ದರೆ.

ಆದರೆ ನಮ್ಮಲ್ಲಿ ಇಂಥ ಗಾಡಿಗಳನ್ನು ಕಟ್ಟುವ ಟೆಂಪೋ ಟ್ರಾವೆಲರ್‌ಗಳಲ್ಲಿ ಮ್ಯಾನುವಲ್ಲೇ ರೂಢಿ. ಯಾಕೆ? ಮೋಟಾರ್‌ಹೋಮ್ ಮಾಲೀಕರು ಸಾಮಾನ್ಯವಾಗಿ ತಾವೇ ಓಡಿಸ್ತಾರೆ. ಮಂಡಿ ನೋವೂ ಡೀಸೆಲ್ ಬಿಲ್ಲೂ ಒಬ್ಬರದೇ. ಬಾಡಿಗೆ ಗಾಡಿಯಲ್ಲಿ ಬಿಲ್ಲು ಮಾಲೀಕರದು, ಮಂಡಿ ಡ್ರೈವರ್‌ದು. ಗೇರ್‌ಬಾಕ್ಸ್ ಆರಿಸೋರು ಬಿಲ್ಲು ಕಟ್ಟೋರು.

ಸರ್ಕಾರಿ ಬಸ್ಸಿನ ಕಥೆಯೂ ದೂರ ಇಲ್ಲ. ಬಿಎಂಟಿಸಿ 2006ರಲ್ಲೇ ಬೆಂಗಳೂರಿಗೆ ಆಟೋಮ್ಯಾಟಿಕ್ ವೋಲ್ವೋ ತಂದಿತು, ದುಬಾರಿ ಟಿಕೆಟ್ಟಿನ ಎಸಿ ಬಸ್ಸಾಗಿ. ಅದೇ ಸಿಗ್ನಲ್‌ನಲ್ಲಿ, ಪಕ್ಕದ ಸಾದಾ ಬಸ್ಸಿನ ಡ್ರೈವರ್ ಕ್ಲಚ್ ತುಳೀತಾನೇ ಇದ್ದರು.