'ಹೋದ್ಸಲ ಬಂದೋರು ನೀವೇನಾ?'

ಬಿಳಿ ಕೋಟಿನ ನಾಲ್ಕೈದು ಹುಡುಗ ಹುಡುಗಿಯರು ಆಶಾ ಕಾರ್ಯಕರ್ತೆಯ ಹಿಂದೆ ಹಳ್ಳಿಯ ಓಣಿ ಹಿಡಿಯುತ್ತಾರೆ. ಬಿಪಿ ನೋಡಲೆಂದು ಹತ್ತಿರ ಹೋದರೆ, ಜಗಲಿಯ ಮೇಲೆ ಕೂತ ಅಜ್ಜಿ ತೋಳು ಚಾಚುವ ಮೊದಲು ಕೇಳುವ ಮಾತು: 'ಹೋದ್ಸಲ ಬಂದೋರು ನೀವೇನಾ?'

ಇದಕ್ಕೆ 'ಹೌದಜ್ಜಿ' ಎನ್ನುವಂತಾಗಲು ನಮ್ಮ ವೈದ್ಯಕೀಯ ಶಿಕ್ಷಣಕ್ಕೆ ಎಂಟು ದಶಕಗಳೇ ಹಿಡಿದವು.

ಕಥೆ ಶುರುವಾಗುವುದು ಸ್ವಾತಂತ್ರ್ಯಕ್ಕೂ ಮುಂಚೆ. ಸಾರ್ವಜನಿಕ ಆರೋಗ್ಯ ಕಲಿಯುವವರು ಹಳ್ಳಿಯಲ್ಲೇ ಕಲಿಯಲಿ ಎಂದು ಕಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1939ರಲ್ಲಿ ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ ಆರೋಗ್ಯ ಕೇಂದ್ರ ತೆರೆಯಿತು. ನೆರವು ರಾಕ್‌ಫೆಲರ್ ಪ್ರತಿಷ್ಠಾನದ್ದು. ಅದೇ ಪ್ರತಿಷ್ಠಾನದ ಬೆಂಬಲದಿಂದ ಮೈಸೂರು ಸಂಸ್ಥಾನದಲ್ಲೂ, ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದಲ್ಲಿ, ಇಂಥದೇ ಆರೋಗ್ಯ ಘಟಕ ಹುಟ್ಟಿತ್ತು. 1946ರಲ್ಲಿ ಜೋಸೆಫ್ ಭೋರ್ ಸಮಿತಿ ಇನ್ನೂ ಮುಂದೆ ಹೋಗಿ, ಪ್ರತಿ ವೈದ್ಯ ವಿದ್ಯಾರ್ಥಿಗೂ ರೋಗತಡೆ ಮತ್ತು ಸಾಮಾಜಿಕ ವೈದ್ಯಕೀಯದಲ್ಲಿ 3 ತಿಂಗಳ ತರಬೇತಿ ಬೇಕೆಂದಿತು. ದೇಶಕ್ಕೆ ಬೇಕಾದದ್ದು 'ಸಾಮಾಜಿಕ ವೈದ್ಯ' ಎಂಬುದು ಅದರ ನಿಲುವು.

ಕಾಲೇಜುಗಳಲ್ಲಿ ವಿಭಾಗಗಳೇನೋ ಬಂದವು. ಹೌಸ್ ಸರ್ಜನ್ನರಿಗೆ ಹಳ್ಳಿಯ ಪೋಸ್ಟಿಂಗೂ ಬಂತು. ಆದರೆ ಹಲವರ ಪಾಲಿಗೆ ಅದು ಹಾಜರಿ ಹಾಕಿ ಪಿಜಿ ಪರೀಕ್ಷೆಗೆ ಓದಿಕೊಳ್ಳುವ ಬಿಡುವಾಯಿತು. ತಪ್ಪು ಹುಡುಗರದ್ದಷ್ಟೇ ಅಲ್ಲ. ಬರುವವರಿಗೆ ಊರು ಪರಕೀಯ, ಊರಿಗೆ ಬರುವವರು ಯಾರೋ.

ಈ ಗೋಡೆಯನ್ನು ಬೇರೆ ಕಡೆಯಿಂದ ಒಡೆದದ್ದು ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು. 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಅಲ್ಲಿ ಆರೋಗ್ಯ ಕೇಂದ್ರ ಶುರು ಮಾಡಿದಾಗ ಕೈಜೋಡಿಸಿದ್ದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘ. ಡೇರಿಗೆ ಹಾಕಿದ ಪ್ರತಿ ಲೀಟರ್ ಹಾಲಿನ ಮೇಲೆ ಕೆಲವು ಪೈಸೆ ಆರೋಗ್ಯಕ್ಕೆಂದು ತೆಗೆದಿಡುವ ಏರ್ಪಾಡಾಯಿತು. ಕ್ಯಾನಿಗೆ ಹಾಲು ಸುರಿದವರೇ ದವಾಖಾನೆಯ ಖರ್ಚಿಗೂ ಹೊಣೆ. ಅಲ್ಲಿಗೆ ಬಂದ ಇಂಟರ್ನ್‌ಗಳ ಎದುರು ಕೂತವರು ಧರ್ಮದ ಔಷಧಿಗೆ ಕೈಯೊಡ್ಡಿದವರಲ್ಲ. 'ಡಾಕ್ಟರು ಯಾಕೆ ಬಂದಿಲ್ಲ?' ಎಂದು ಕೇಳುವ ಹಕ್ಕಿದ್ದವರು. ವೈದ್ಯನಾಗುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಸೇವಾಗ್ರಾಮದ ದಾರಿ ಬೇರೆ. ಗಾಂಧಿ ಶತಮಾನೋತ್ಸವದ ವರ್ಷ 1969ರಲ್ಲಿ ಡಾ. ಸುಶೀಲಾ ನಯ್ಯರ್ ಅಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದರು. ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠ ಶವಚ್ಛೇದನದ ಮೇಜಿನ ಮುಂದಲ್ಲ, ಗಾಂಧೀಜಿಯ ಆಶ್ರಮದಲ್ಲಿ: ಖಾದಿ, ಪ್ರಾರ್ಥನೆ, ಶ್ರಮದಾನ. ಆಮೇಲೆ ಆ ವರ್ಷದ ತಂಡವೆಲ್ಲ ಒಂದು ಹಳ್ಳಿಯಲ್ಲಿ ಬೀಡುಬಿಡುತ್ತದೆ. ಒಬ್ಬೊಬ್ಬರಿಗೆ ಕೆಲವು ಮನೆಗಳು ಹಂಚಿಕೆಯಾಗುತ್ತವೆ. ಶಿಬಿರ ಮುಗಿದರೂ ಆ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು. ಅಜ್ಜಿಯ ಪ್ರಶ್ನೆಗೆ ಮೊದಲ ನೇರ ಉತ್ತರ ಇದೇ ಇರಬಹುದು.

1977ರಲ್ಲಿ ಸರ್ಕಾರ ಪ್ರತಿ ಕಾಲೇಜಿಗೂ 3 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಜೋಡಿಸುವ ಯೋಜನೆ ತಂದಿತು. ಹೆಸರು ದೊಡ್ಡದಾಯಿತು, ಫಲ ಅಷ್ಟಾಗಲಿಲ್ಲ.

ಮನೆ ಹಂಚಿಕೊಡುವ ಆ ಪದ್ಧತಿ ದೇಶದ ನಿಯಮವಾದದ್ದು ಈಚೆಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ 'ಕುಟುಂಬ ದತ್ತು' ಕಾರ್ಯಕ್ರಮವನ್ನು ಎಂಬಿಬಿಎಸ್ ಪಠ್ಯಕ್ಕೆ ಸೇರಿಸಿತು. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿ ಕೆಲವು ಮನೆಗಳ ಜೊತೆ ನಂಟು ಬೆಳೆಸಬೇಕು. ಮೂರು ಹಂತಗಳಲ್ಲಿ 27, 30, 21, ಒಟ್ಟು 78 ಗಂಟೆ. ಅದಾದ ಮೇಲೆ ಇಂಟರ್ನ್‌ಶಿಪ್‌ನಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರ.

78 ಗಂಟೆ ಹೆಚ್ಚೇನಲ್ಲ. ಆದರೂ ಅದನ್ನು ಮೂರು ವರ್ಷಕ್ಕೆ ಹರಡಿದ್ದರಲ್ಲಿ ವಿವೇಕವಿದೆ. ಮೊದಲ ವರ್ಷ ಹಿಮೋಗ್ಲೋಬಿನ್ ಕಡಿಮೆಯೆಂದು ಬರೆದುಕೊಂಡ ಬಸುರಿಯ ಮನೆಗೆ ಅದೇ ಹುಡುಗಿ ಮೂರನೇ ವರ್ಷ ಹೋಗಿ, ನಡೆಯತೊಡಗಿದ ಮಗುವಿನ ತೂಕ ನೋಡಬಹುದು, ಬಿಟ್ಟುಹೋದ ಲಸಿಕೆ ಯಾವುದೆಂದು ತಾಯಿ ಕಾರ್ಡಿನಲ್ಲಿ ಹುಡುಕಬಹುದು. ಕಾಲೇಜಿನ ಬಸ್ಸು ತಪ್ಪದೆ ಆ ಊರಿಗೆ ಬರಬೇಕು, ಅಷ್ಟೇ.